ಭಕ್ತರು: ಸೊನ್ನೆ

ಸೋಮವಾರ ಕ್ಷೌರದಂಗಡಿಗೆ ರಜೆ.
ಕನ್ನಡಿಗಳಿಗೆ ಟವೆಲು ಹೊದಿಸಿ
ಹಿಸಾನೊರಿ ಮೇಜಿನ ಮೇಲೊಂದು ಲೋಕ ಹಾಸುತ್ತಾನೆ:
ಪೆನ್ಸಿಲಿನ ಬೆಟ್ಟ, ನೀಲಿ ಶಾಯಿಯ ಹೊಳೆ,
ಚಹಾ ಚೆಲ್ಲಿ ತಾನಾಗಿಯೇ ಆದ ಒಂದು ಸರೋವರ.
ಅದೂ ಇರಲಿ ಎಂದು ಉಳಿಸಿಕೊಂಡಿದ್ದೇವೆ.

ಆ ಲೋಕದಲ್ಲಿ ನಾನೊಂದು ಹಳೆಯ ಕೊಡೆ.
ನೂರು ವರ್ಷ ದುಡಿಸಿ ಬಿಸಾಡಿದ ವಸ್ತುವಿಗೆ
ಜೀವ ಬರುತ್ತದಂತೆ, ಜೊತೆಗೇ ಸಿಟ್ಟು.
ಒಂದು ಕಣ್ಣು, ಒಂದೇ ಕಾಲು, ಮೊಳದುದ್ದ ನಾಲಗೆ.
ಬಲ ಆರು, ಬುದ್ಧಿ ಒಂಬತ್ತು,
ಜೋರು ಗಾಳಿಗೆ ಒಳಹೊರಗಾಗುವ ಶಾಪ.
ಅರವತ್ತೆಂಟರ ಮುದುಕನಿಗೆ ಇಷ್ಟು ಸಾಕು.

ದೇವರಿಗೂ ಅಂಕಪಟ್ಟಿ ಉಂಟು ಇಲ್ಲಿ.
ಗುಡುಗಿನವನಿಗೆ ನಾನೂರು,
ನರಿಗಳನ್ನು ಅಟ್ಟಿ ಸುದ್ದಿ ತರಿಸುವ ಅಕ್ಕಿದೇವರಿಗೆ ಮುನ್ನೂರ ಎಂಬತ್ತು,
ಒಲೆಗೆ ಅರವತ್ತು, ಬಚ್ಚಲಿಗೆ ನಲವತ್ತು,
ಬಾಣಂತಿಯ ಕೋಣೆಯ ಪೊರಕೆಗೂ ಹನ್ನೊಂದು.
ಎಂಬತ್ತು ಲಕ್ಷ ಮಂದಿ; ಹಾಳೆ ಮುಗಿಯುತ್ತದೆ, ಇವರು ಮುಗಿಯರು.
ಲೆಕ್ಕ ಸರಳ:
ಎಷ್ಟು ಭಕ್ತರೋ ಅಷ್ಟು ಪ್ರಾಣ.

ಈ ಸಲ ಹೊಸಬಳೊಬ್ಬಳು ಬಂದಳು, ತೊಮೊಎ.
ಹನ್ನೊಂದು ಗುಡಿಗಳಿಗೆ ಒಬ್ಬನೇ ಅರ್ಚಕನಾದ ಅಪ್ಪನನ್ನು
ವ್ಯಾನಿನಲ್ಲಿ ಹೊತ್ತು ತಿರುಗುವವಳು.
ಹಿಂಬದಿಯಲ್ಲಿ, ಬದಲಿ ಚಕ್ರದ ಮೇಲೆ,
ಮಿಂಚಿನಂತೆ ಮಡಿಸಿದ ಬಿಳಿ ಕಾಗದದ ಕಟ್ಟು.
ಏನಾಗುತ್ತೀ? ಎಂದರೆ, ಬಾವಿ, ಎಂದಳು.
ಬಾವಿಯ ದೇವರೇ?
ಹ್ಞೂಂ. ಹನ್ನೆರಡನೆಯ ಗುಡಿ.
ಅಣೆಕಟ್ಟಿನ ಕೆಳಗೆ. ಕೆಳಗಲ್ಲ,
ನೀರಿನ ಕೆಳಗೆ.

ನೀರಲ್ಲಿ ಮುಳುಗಿದ ಬಾವಿಗೆ
ಯಾರು ಕೊಡ ಇಳಿಸಿಯಾರು?

ಹಿಸಾನೊರಿ ಬರೆದ: ಹೆಸರು, ತಿಳಿಯದು. ಕಲ್ಲು ಸವೆದಿತ್ತು.
ಭಕ್ತರು: ಸೊನ್ನೆ. ಪ್ರಾಣ: ಸೊನ್ನೆ.
ಅಂದರೆ ಆಟ ಶುರುವಾಗುವ ಮೊದಲೇ ನೀನು ಸತ್ತಿದ್ದೀ.
ಗೊತ್ತು, ಎಂದಳು,
ಪೆನ್ಸಿಲು ಹೆರೆಯುತ್ತ.

ಹಳೆಯ ಪಂಚಾಂಗಕ್ಕೆ ಅದು ಹತ್ತನೆಯ ತಿಂಗಳು.
ದೇಶದ ದೇವರೆಲ್ಲ ನಮ್ಮ ಪಕ್ಕದ ಇಜುಮೊಗೆ
ಸಭೆಗೆಂದು ಬಂದಿಳಿಯುವ ಕಾಲ.
ಆ ಸಭೆಗೆ ಇವಳಿಗೆ ಕರೆ ಹೋಗುತ್ತದೆಯೇ?
ಹೋದರೆ ಯಾವ ವಿಳಾಸಕ್ಕೆ?

ನಾನು ಹೇಳಬೇಕೆಂದಿರಲಿಲ್ಲ.
ಆ ಕಟ್ಟೆಗೆ ಕಾಂಕ್ರೀಟು ಸುರಿದವರಲ್ಲಿ ನನ್ನಪ್ಪನೊಬ್ಬ.
ನನಗೆ ಆಗ ಎಂಟು. ಬುತ್ತಿ ಒಯ್ದು ಕೊಡುವುದು ನನ್ನ ಕೆಲಸ.
ಊರು ಬಿಡುವ ದಿನ ಒಬ್ಬ ಅಜ್ಜಿ
ಕೊನೆಯ ಸಲ ನೀರು ಸೇದಿ
ತಾನು ಕುಡಿದಳು, ಬಾವಿಗೆ ಕೈಮುಗಿದಳು,
ಉಳಿದದ್ದನ್ನು ಅಪ್ಪನ ಮುಂದೆ ಹಿಡಿದಳು.
ಬೈದಿದ್ದರೆ ಚೆನ್ನಾಗಿತ್ತು, ಅನ್ನುತ್ತಿದ್ದ ಅಪ್ಪ.
ಸಾಯುವ ತನಕ ಇನ್ನೊಂದೇ ಮಾತು:
ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಹೀಗೆಲ್ಲ ಹೇಳಲು ಬಾಯಿ ಬರಲಿಲ್ಲ.
ಕೊಡೆಯ ದನಿಯಲ್ಲಿ, ನಾಲಗೆ ಹೊರಚಾಚಿ, ಅಂದೆ:
ಈ ಕೊಡೆಗೆ ಆ ಬಾವಿ ನೆನಪಿದೆ.

ಯಾರೂ ನಗಲಿಲ್ಲ.
ಹಿಸಾನೊರಿ ಪುಸ್ತಕ ಹಿಂದಕ್ಕೂ ಮುಂದಕ್ಕೂ ತಿರುವಿದ.
ಭೂತವೊಂದು ದೇವರಿಗೆ ಭಕ್ತನಾಗಬಹುದೇ?
ನಿಯಮವಿಲ್ಲ.
ದೇವರು ವರ ಕೊಟ್ಟರೂ ಬಿಡದ ಪೂಜಾರಿ ಅವನು;
ಕೊನೆಗೆ ಇಪ್ಪತ್ತು ಮುಖದ ದಾಳ ಅವಳತ್ತ ನೂಕಿದ:
ಇಪ್ಪತ್ತೇ ಬೀಳಬೇಕು. ಹತ್ತೊಂಬತ್ತಾದರೂ ಇಲ್ಲ.

ತೊಮೊಎ ಎರಡು ಸಲ ಚಪ್ಪಾಳೆ ತಟ್ಟಿದಳು,
ಅಭ್ಯಾಸ.
ದಾಳ ಬೆಟ್ಟ ಹತ್ತಿತು, ಚಹಾದ ಸರೋವರ ದಾಟಿತು,
ಮೇಜಿನಂಚಿಂದ ಹಾರಿ
ಕ್ಷೌರದ ಕುರ್ಚಿಯ ಕಬ್ಬಿಣದ ಬುಡಕ್ಕೆ ಹೊರಳಿ
ಎಲ್ಲೋ ಟಿಕ್ ಎಂದು ನಿಂತಿತು.

ಬಗ್ಗಿ ನೋಡಬಹುದಿತ್ತು.
ನನಗೆ ಸೊಂಟನೋವು ಎಂದೆ.
ಹಿಸಾನೊರಿ ಚಹಾಕ್ಕೆ ನೀರಿಡಲು ಎದ್ದ.

ಮಂಗಳವಾರ ಎಂದಿನಂತೆ ಅಂಗಡಿ ತೆರೆಯಿತು.
ಜನ ಬರುತ್ತಾರೆ, ಆ ಕುರ್ಚಿಯಲ್ಲೇ ಕೂತು
ಕಣ್ಣುಮುಚ್ಚಿ ಕತ್ತು ಒಪ್ಪಿಸುತ್ತಾರೆ.
ಸಂಜೆ ಕೂದಲು ಗುಡಿಸುವ ಪೊರಕೆ
(ಹನ್ನೊಂದು ಪ್ರಾಣದ್ದು)
ಆ ಬುಡದ ಹತ್ತಿರ ಬಂದಾಗ
ಸ್ವಲ್ಪ ಸುತ್ತಿಕೊಂಡು ಹೋಗುತ್ತದೆ.